ಅಜ್ಜನವರ ಎರಡನೆಯ ಎಲೆ

ಬಣ್ಣಗಾರರ ಓಣಿಯ ತುದಿಗೆ, ನೂಲು ಅದ್ದಿ ಉಳಿದ ನೀಲಿ ನೀರು ಹರಿದುಹೋಗುವ ಗಟಾರದ ಪಕ್ಕದಲ್ಲಿ ಶ್ರೀ ಪಡದಯ್ಯ ಅಜ್ಜನವರ ಮಠವಿತ್ತು. ಮಠವೆಂದು ಕರೆದವರು ಭಕ್ತರು. ಹೊಸಬರ ಕಣ್ಣಿಗೆ ಅದು ಮಣ್ಣಿನ ಮಾಳಿಗೆಯ ಎರಡು ಅಂಕಣದ ಮನೆ. ಒಂದರಲ್ಲಿ ಹಿರಿಯ ಗುರುಗಳ ಗದ್ದುಗೆ, ಇನ್ನೊಂದರಲ್ಲಿ ಒಲೆ. ಅಜ್ಜನವರು ಎರಡರ ನಡುವಿನ ಹೊಸ್ತಿಲ ಬಳಿ ಹಳೆಯ ಕಂಬಳಿಯೊಂದನ್ನು ಹಾಸಿಕೊಂಡು ಕುಳಿತಿರುತ್ತಿದ್ದರು. ಪೂಜ್ಯರಿಗೆ ಗದ್ದುಗೆಯ ಮೇಲೆ ಎಷ್ಟು ಗಮನವೋ ಒಲೆಯ ಮೇಲೂ ಅಷ್ಟೇ.

ಅವರ ಎಡಗಣ್ಣು ಬಲಗಣ್ಣಿಗಿಂತ ಅರ್ಧ ಬೆರಳು ಒಳಗೆ ಇಳಿದಿತ್ತು. ಬಲಗಣ್ಣು ಎದುರಿಗಿದ್ದವರ ಮುಖ ನೋಡಿದರೆ ಎಡಗಣ್ಣು ಅವರ ಪಾದವನ್ನೋ ಪಕ್ಕದ ಕಂಬವನ್ನೋ ನೋಡುತ್ತಿತ್ತು. ಹರೆಯದಲ್ಲಿ ಮಠಕ್ಕೆ ನೀರು ಸೇದುವಾಗ ಬಾವಿಯ ರಾಟೆ ಕಳಚಿ ಮುಖಕ್ಕೆ ಬಡಿದದ್ದೆಂದು ಹಿರಿಯರು ಹೇಳುತ್ತಿದ್ದರು. ಮಠಕ್ಕೆ ಯಾರೇ ಒಬ್ಬರು ಬರಲಿ, ಅಜ್ಜನವರು ಗದ್ದ ಎತ್ತಿ ನೋಡಿ, "ಇಬ್ಬರೂ ಬಂದ್ರಿ? ಚಲೋ ಆತು. ಇಬ್ಬರಿಗೂ ಎಲಿ ಹಾಕ್ರಿ" ಎನ್ನುತ್ತಿದ್ದರು. ಒಬ್ಬರ ಮುಂದೆ ಎರಡು ಮುತ್ತಲದೆಲೆ ಬೀಳುತ್ತಿದ್ದವು. ಎರಡಕ್ಕೂ ರೊಟ್ಟಿ, ಎರಡಕ್ಕೂ ಪಲ್ಯ, ಎರಡಕ್ಕೂ ಜೋಳದ ನುಚ್ಚು. ಒಂದನ್ನು ಅಲ್ಲಿಯೇ ಉಂಡು, ಇನ್ನೊಂದನ್ನು ಮಡಿಚಿ ಕಟ್ಟಿಕೊಂಡು ಹೋಗಿ ಹಸಿದವರಿಗೆ ಯಾರಿಗಾದರೂ ಕೊಡುವುದು ಅಲ್ಲಿಯ ವಾಡಿಕೆಯಾಗಿತ್ತು. ಆ ಎರಡನೆಯ ಎಲೆ ಶಿವನದೆಂದು ಕೆಲವರು, ಬಂದವರ ಹಿಂದಿನ ಜನ್ಮದ್ದೆಂದು ಕೆಲವರು ಅರ್ಥ ಹೇಳುತ್ತಿದ್ದರು. ಅಜ್ಜನವರು ಹೌದೆಂದದ್ದೂ ಇಲ್ಲ, ಅಲ್ಲವೆಂದದ್ದೂ ಇಲ್ಲ.

ಇದನ್ನು ಕೇಳಿ ಮೈ ಉರಿದುಕೊಂಡವನು ಕಾಂಪೌಂಡರ್ ಅಡಿವೆಪ್ಪ. ಜಿಲ್ಲೆಯ ಊರಿನಲ್ಲಿ ಕಣ್ಣಿನ ಡಾಕ್ಟರರೊಬ್ಬರ ಕೈಕೆಳಗೆ ಮೂವತ್ತು ವರ್ಷ ದುಡಿದು, ವಯಸ್ಸಾದ ಮೇಲೆ, ಎರಡು ವರ್ಷದ ಹಿಂದೆ, ಹೆಂಡತಿ ದ್ಯಾಮವ್ವನೊಡನೆ ಊರಿಗೆ ಬಂದು ನೆಲೆಸಿದ್ದ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ಕಂಡಿದ್ದೇವೆ. ಅಡಿವೆಪ್ಪ ಕಲ್ಲು ಸಿಗದಿದ್ದರೆ ಅದನ್ನು ಯಾರು ಕದ್ದರೆಂದು ಕೇಳುವ ಪೈಕಿ. ಹಾಲಿನವನನ್ನು ನಂಬುತ್ತಿರಲಿಲ್ಲ, ಹಾಲು ಕೊಡುವ ಎಮ್ಮೆಯನ್ನೂ ನಂಬುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನಂಬದಿದ್ದದ್ದು ಗೋಡೆಯಾಚೆ ಇದ್ದ ಸ್ವಂತ ತಮ್ಮ ಕಲ್ಲಪ್ಪನನ್ನು.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡ ದಿನ ಅಡಿವೆಪ್ಪ ಊರಿಗೆ ಓಡಿಬಂದಾಗ ಆಕೆಯ ಕಿವಿಯ ಬುಗುಡಿ ಕಾಣಿಸಲಿಲ್ಲ. "ಅವ್ವನ ಬುಗುಡಿ ಎಲ್ಲಿ?" ಎಂದು ತಮ್ಮನನ್ನು ಕೇಳಿದ. ದರ್ಜಿ ಕೆಲಸದ ಕಲ್ಲಪ್ಪ, ತಾಯಿಯ ಆರೈಕೆಯಲ್ಲಿ ನಿದ್ದೆಗೆಟ್ಟು ಕಣ್ಣು ಗುಳಿಬಿದ್ದವನು, ಅಣ್ಣನ ಮುಖ ನೋಡದೆ ಎತ್ತಲೋ ಗೋಡೆ ನೋಡುತ್ತ ಗೊತ್ತಿಲ್ಲವೆಂದ. ಅಡಿವೆಪ್ಪನಿಗೆ ಅಷ್ಟೇ ಸಾಕಾಯಿತು. ಸಾವಿರಾರು ಕಣ್ಣು ನೋಡಿದವನು ತಾನು. ಕಣ್ಣು ತಪ್ಪಿಸುವವನು ಕಳ್ಳನಲ್ಲದೆ ಮತ್ತೇನು? ತಿಂಗಳೊಳಗೆ ಮನೆಯ ನಡುವೆ ಗೋಡೆ ಎದ್ದಿತು. ಅಲ್ಲಿಂದ ಮುಂದೆ ತಮ್ಮ ಎದುರಿಗೆ ಬಂದರೆ ಅಣ್ಣ ಓಣಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದ.

ಒಂದು ಸೋಮವಾರ ಮಧ್ಯಾಹ್ನ ಅಡಿವೆಪ್ಪ ಹಿತ್ತಿಲಿಗೆ ಬಂದಾಗ ದ್ಯಾಮವ್ವ ಒರಳುಕಲ್ಲಿನ ಮೇಲೆ ನಿಂತು, ಗೋಡೆಯ ಮೇಲಿಂದ ಮುತ್ತಲದೆಲೆಯ ಗಂಟೊಂದನ್ನು ಆಚೆಗೆ ಇಳಿಸುತ್ತಿದ್ದಳು. ಎರಡು ವರ್ಷದಿಂದ ಪ್ರತಿ ಸೋಮವಾರ ಅವಳು ಮಠದಿಂದ ತರುತ್ತಿದ್ದ ಎರಡನೆಯ ಎಲೆ ಎಲ್ಲಿಗೆ ಹೋಗುತ್ತಿತ್ತೆಂದು ಅವನಿಗೆ ಆಗ ತಿಳಿಯಿತು.

"ಅಂದ್ರ ನೀವೆಲ್ಲಾ ಒಂದ ಆಗೀರಿ. ನೀ, ಅಂವ, ಆ ಅಜ್ಜ."

"ಹೆಂಡತಿ ಸತ್ತು ಒಬ್ಬನ ಅದಾನ್ರಿ. ಸೋಮವಾರ ಒಂದಿನ ಆದ್ರೂ ಬಿಸಿ ರೊಟ್ಟಿ ತಿನ್ಲಿ ಅಂತ ಕೊಟ್ಟೆ," ಎಂದಳು ದ್ಯಾಮವ್ವ.

"ಒಬ್ಬರಿಗೆ ಇಬ್ಬರು ಅನ್ನೂ ಅಜ್ಜನ ಆಟ ನಾ ಬಯಲ ಮಾಡ್ತೀನಿ. ಅದು ಸುಳ್ಳು ಅಂತ ಆದ ದಿನ ನೀ ಮಠದ ಮೆಟ್ಟಲಾ ಹತ್ತಬಾರದು, ಈ ಗ್ವಾಡಿ ಕಡೆ ಹೊಳ್ಳಿ ನೋಡಬಾರದು."

ದ್ಯಾಮವ್ವ ಒರಳುಕಲ್ಲಿನಿಂದ ಇಳಿದು, "ಅಜ್ಜಾರು ಸುಳ್ಳ ಹೇಳಿದ್ರ ನೋಡೂದಿಲ್ಲ," ಎಂದಳು. ಮಾತು ಕೊಟ್ಟಳೇನೋ ಹೌದು. ಒಳಗೆ ಹೋಗಿ ಬಾಗಿಲ ಹಿಂದೆ ಅತ್ತಳು.

ಮುಂದಿನ ಸೋಮವಾರ ಅಡಿವೆಪ್ಪ ಮಠಕ್ಕೆ ಹೋದ. ಹೋದವನು ಕೈಮುಗಿಯಲಿಲ್ಲ. ಮೂಲೆಯಲ್ಲಿ ಕುಳಿತು ಅಜ್ಜನವರನ್ನೇ ನೋಡತೊಡಗಿದ. ಪೂಜ್ಯರು ಬಾಗಿಲಲ್ಲಿದ್ದ ಮುದುಕಿಯೊಬ್ಬಳೊಡನೆ ಮಾತಾಡುತ್ತಿದ್ದರು, ಆದರೆ ಎಡಗಣ್ಣು ತನ್ನ ಮೇಲಿದ್ದಂತೆ ಅವನಿಗೆ ಅನ್ನಿಸಿತು. ಎದ್ದು ಕಂಬದ ಹಿಂದೆ ಕುಳಿತ. ಅಲ್ಲಿಯೂ ಹಾಗೆಯೇ ಅನ್ನಿಸಿತು. ಮೂರನೆಯ ಸಲ ಜಾಗ ಬದಲಿಸಿದಾಗ ಪಕ್ಕದವರು ಇರುವೆ ಕಚ್ಚುತ್ತಿವೆಯೇ ಎಂದು ಕೇಳಿದರು. ಯಾವ ಕಣ್ಣು ನೋಡುತ್ತದೆ, ಯಾವುದು ನೋಡುವುದಿಲ್ಲವೆಂದು ಯಾರಿಗೂ ತಿಳಿಯದಂತೆ ಇಟ್ಟುಕೊಂಡು ಈ ಅಜ್ಜ ಊರನ್ನೇ ಆಳುತ್ತಿದ್ದಾನೆಂದು ಅವನಿಗೆ ಗಟ್ಟಿಯಾಯಿತು.

ಅಷ್ಟರಲ್ಲಿ ಅಜ್ಜನವರು ಇತ್ತ ತಿರುಗಿ, "ಇಬ್ಬರೂ ಬಂದ್ರಿ? ಇಬ್ಬರಿಗೂ ಎಲಿ ಹಾಕ್ರಿ," ಎಂದರು.

"ನಾ ಒಬ್ಬನ ಬಂದೀನಿ," ಎಂದು ಅಡಿವೆಪ್ಪ ಎದ್ದು ಮುಂದೆ ಬಂದ. "ಅಜ್ಜಾರ, ಗದ್ದಿಗಿ ಮುಂದ ದೀಪ ಎಷ್ಟ ಅದಾವು?"

"ಎರಡ ಕಾಣ್ತಾವ, ತಮ್ಮಾ."

"ಮಗ್ಗಲಕ್ಕ ಮಗ್ಗಲೋ, ಒಂದರ ಮ್ಯಾಲ ಒಂದೋ?"

"ಒಂದರ ಮ್ಯಾಲ ಒಂದು."

ಇದ್ದದ್ದು ಒಂದೇ ದೀಪ. ಅಡಿವೆಪ್ಪ ಕೈಯೆತ್ತಿ ಬೆರಳು ತೋರಿಸಿ, "ತಲಿ ಎತ್ತದ ಹಂಗ ಮ್ಯಾಲ ನೋಡ್ರಿ," ಎಂದ. ಅಜ್ಜನವರು ವಿಧೇಯರಾಗಿ ನೋಡಿದರು. ಬಲಗಣ್ಣು ಮೇಲೆ ಹೋಯಿತು, ಎಡಗಣ್ಣು ಇದ್ದಲ್ಲಿಯೇ ನಿಂತಿತು. ಆಮೇಲೆ ಅವನು ತನ್ನ ಅಂಗೈಯಿಂದ ಅವರ ಎಡಗಣ್ಣನ್ನು ಮುಚ್ಚಿ, ಈಗ ಎಷ್ಟು ದೀಪವೆಂದು ಕೇಳಿದ. ಅವರು ಒಂದೇ ಎಂದರು.

ಅಡಿವೆಪ್ಪ ಜನರ ಕಡೆಗೆ ತಿರುಗಿದ. "ಕೇಳಿದ್ರಿ? ಇದರಾಗ ಶಿವನೂ ಇಲ್ಲ, ಜನ್ಮನೂ ಇಲ್ಲ. ಕಣ್ಣಿನ ಗೂಡಿನ ತಳದ ಎಲುವು ಮುರದೈತಿ. ಗುಡ್ಡಿ ಒಳಗ ಇಳದೈತಿ, ಅದರ ಕೆಳಗಿನ ಸ್ನಾಯು ಮುರದ ಎಲುವಿನಾಗ ಸಿಕ್ಕೈತಿ. ಅದಕ್ಕ ಒಂದು ಎರಡಾಗಿ ಕಾಣತೈತಿ. ಇದು ಬ್ಯಾನಿ. ಬ್ಯಾನಿಗೆ ನೀವು ಎಲಿ ಹಾಕ್ಕೋತ ಕುಂತೀರಿ."

ಬಣ್ಣಗಾರರ ಹಿರಿಯನೊಬ್ಬ ನೀಲಿಗಟ್ಟಿದ ಕೈಯನ್ನು ಮುಷ್ಟಿ ಮಾಡಿ ಎದ್ದ. ಅಜ್ಜನವರು ಅವನನ್ನು ಕೈಸನ್ನೆಯಿಂದ ಕೂಡಿಸಿದರು.

"ಈ ತಮ್ಮ ಹೇಳೂದು ಖರೇ ಐತಿ," ಎಂದರು. "ನನಗ ಒಬ್ಬರು ಇಬ್ಬರಾಗಿ ಕಾಣ್ತಾರ. ಯಾರೂ ಕೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ."

ಇಷ್ಟು ಸಲೀಸಾಗಿ ಒಪ್ಪಿಕೊಂಡಾರೆಂದು ಅಡಿವೆಪ್ಪ ಎಣಿಸಿರಲಿಲ್ಲ. ಒಪ್ಪಿಕೊಂಡವರ ಮೇಲೆ ಅವನಿಗೆ ಇನ್ನೂ ಹೆಚ್ಚು ಸಂಶಯ. "ಒಂದು ಕಣ್ಣ ಮುಚ್ಚಿಕೊಂಡ್ರ ಒಬ್ಬನ ಕಾಣ್ತಾನ. ಇಷ್ಟು ವರ್ಷ ಅದು ತಿಳೀಲಿಲ್ಲೇನ್ರಿ ಅಜ್ಜಾರ? ಒಂದು ಅರಿವಿ ಕಟ್ಟಿಕೊಂಡಿದ್ರ ಮುಗೀತಿತ್ತು."

"ಕಟ್ಟಿ ನೋಡೀನಿ. ಆದ್ರ ಯಾರು ಖರೇ, ಯಾರು ಸುಳ್ಳು ಅನ್ನೂದು ಕಣ್ಣಿಗೆ ಗೊತ್ತಿರೂದಿಲ್ಲ, ತಮ್ಮಾ. ಯಾವ ಕಣ್ಣ ಮುಚ್ಚಿದ್ರೂ ಒಬ್ಬಾಂವ ಹಸದ ಹೋಗ್ತಾನ ಅನಸ್ತು. ಅದಕ್ಕ ಇಬ್ಬರಿಗೂ ಬಡಸ್ತೀನಿ." ಅಜ್ಜನವರು ಮಡಿಚಿ ಕಟ್ಟಿದ ಎಲೆಯೊಂದನ್ನು ಅವನ ಕೈಗಿಟ್ಟರು. ಎರಡು ಕಣ್ಣೂ ಎರಡು ಕಡೆ ನೋಡುತ್ತಿದ್ದವು. "ನೀ ಯಾವ ಕಣ್ಣ ಮುಚ್ಚಿಕೊಂಡೀದಿ?"

ಅಡಿವೆಪ್ಪ ಎಲೆಯ ಗಂಟು ಹಿಡಿದುಕೊಂಡು ಹೊರಗೆ ಬಂದ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಈ ಮಾತನ್ನು ಅಜ್ಜನಿಗೆ ಹೇಳಿಕೊಟ್ಟವರು ಯಾರು? ದ್ಯಾಮವ್ವನೇ ಇರಬೇಕು. ಅವಳಿಗೆ ಹೇಳಿಕೊಟ್ಟವನು ಕಲ್ಲಪ್ಪ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದು ಬೇರೆಯವರಿಗೆ ಹೇಳಿದ್ದೆಂದು ತಿಳಿದಿದ್ದ. ಈ ಎಲೆಯನ್ನು ತಾನೇ ಕೈಯಾರೆ ಕಲ್ಲಪ್ಪನಿಗೆ ಕೊಟ್ಟು ಮುಖ ನೋಡುವುದು, ಮೂವರೂ ಸೇರಿ ಹೂಡಿದ ಆಟವಾಗಿದ್ದರೆ ಅವನ ಕಣ್ಣಿನಲ್ಲಿಯೇ ಸಿಕ್ಕಿಬೀಳುತ್ತದೆಂದು ನಿಶ್ಚಯಿಸಿ, ಹನ್ನೊಂದು ವರ್ಷ ತುಳಿಯದ ಬಾಗಿಲನ್ನು ತುಳಿದ.

ಕಲ್ಲಪ್ಪ ಬಾಗಿಲ ಬೆಳಕಿಗೆ, ಹೊಸ್ತಿಲ ಪಕ್ಕದಲ್ಲಿಯೇ ಹೊಲಿಗೆ ಯಂತ್ರದ ಮುಂದೆ ಕುಳಿತು, ಒಂದು ಕಣ್ಣು ಬಿಗಿಯಾಗಿ ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದ. ಸಪ್ಪಳ ಕೇಳಿ ಕಣ್ಣು ತೆರೆದು, ಗದ್ದ ಎತ್ತಿ ನೋಡಿದ. ಒಂದು ಕಣ್ಣು ಅಣ್ಣನ ಮುಖದ ಹತ್ತಿರ ಬಂತು, ಇನ್ನೊಂದು ಗೋಡೆಯ ಬುಡಕ್ಕೆ ಹೋಯಿತು. ಅದೇ ನೋಟ. ತಾಯಿ ಸತ್ತ ದಿನದ್ದೇ.

ಅಡಿವೆಪ್ಪನಿಗೆ ರಕ್ತ ತಲೆಗೇರಿತು. ಬೈಯಲು ಬಾಯಿ ತೆರೆದ. ಆದರೆ ಕೈಗೆ ಮೂವತ್ತು ವರ್ಷದ ಅಭ್ಯಾಸವಿತ್ತಲ್ಲ, ಅದು ಬಾಯಿಗಿಂತ ಮೊದಲೇ ಹೋಗಿ ತಮ್ಮನ ಗದ್ದವನ್ನು ಬೆಳಕಿಗೆ ತಿರುಗಿಸಿತು.

"ಮ್ಯಾಲ ನೋಡು," ಎಂದ.

ಬಲಗಣ್ಣು ಮೇಲೆ ಹೋಯಿತು. ಎಡಗಣ್ಣು ಇದ್ದಲ್ಲಿಯೇ ನಿಂತಿತು.

ಹೆಬ್ಬೆರಳಿನಿಂದ ಕಣ್ಣಿನ ಕೆಳಗೆ ಒತ್ತಿ ನೋಡಿದ. ಸಮನಾಗಿರಬೇಕಾದ ಎಲುಬು ಮೆಟ್ಟಿಲಿನಂತೆ ಕುಸಿದಿತ್ತು. ಹಳೆಯ ಪೆಟ್ಟು.

"ಇದು ಯಾವಾಗಿಂದ?"

"ಅವ್ವ ಹೋಗೂಕಿಂತ ಹದಿನೈದ ದಿನ ಮುಂಚೆ," ಎಂದ ಕಲ್ಲಪ್ಪ. "ಆಕಿಗೆ ನೆಲದ ಮ್ಯಾಲ ಮಲಗಾಕ ಆಗೂದಿಲ್ಲ ಅಂತ ಅಟ್ಟದ ಮ್ಯಾಲಿಂದ ಹೊರಸ ಇಳಸಾಕ ಹೋಗಿದ್ದೆ. ಅದರ ಕಾಲು ಬಡೀತು. ಬಾವು ಇಳೀತು, ಕಣ್ಣೂ ಇಳೀತು."

"ಯಾರಿಗೂ ಯಾಕ ತೋರಸಲಿಲ್ಲ?"

"ನಿನಗ ತೋರಸಬೇಕಂತ ಕಾದಿದ್ದೆ ಅಣ್ಣಾ. ನೀ ಕಣ್ಣಿನ ದವಾಖಾನ್ಯಾಗ ಇದ್ದಾಂವ." ಕಲ್ಲಪ್ಪನ ದನಿಯಲ್ಲಿ ದೂರೇನೂ ಇರಲಿಲ್ಲ. "ನೀ ಬಂದ ಕೂಡಲೆ ಬುಗುಡಿ ಕೇಳಿದಿ."

ಊರಿನ ಸಾವಿರಾರು ಕಣ್ಣು ನೋಡಿದವನು ಮನೆಯ ಎರಡು ಕಣ್ಣು ನೋಡಿರಲಿಲ್ಲ. ಅಂದೇ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ್ದರೆ, ತನ್ನ ಡಾಕ್ಟರರ ಬಳಿಗೆ ಕರೆದೊಯ್ದಿದ್ದರೆ, ಆ ಕಣ್ಣಿಗೆ ಏನಾದರೂ ಮಾಡಬಹುದಿತ್ತು. ಈಗ ತಡವಾಗಿತ್ತು. ಅವನು ಹೊಸ್ತಿಲಲ್ಲಿ ನಿಂತೇ ಅತ್ತ. ಅಳು ಬಾರದ ಗಂಡಸೆಂದು ಹೆಸರಾದವನು ದನಿ ತೆಗೆದು ಅತ್ತ. ಗೋಡೆಯ ಆಚೆಗೆ ರೊಟ್ಟಿ ಬಡಿಯುತ್ತಿದ್ದ ದ್ಯಾಮವ್ವನಿಗೆ ಅದು ಕೇಳಿಸಿ ಆಕೆಯ ಕೈ ನಿಂತಿತು.

ಕಲ್ಲಪ್ಪ ಏನು ಮಾಡಬೇಕೆಂದು ತಿಳಿಯದೆ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ಎದ್ದ. ಎದುರಿಗೆ ಅವನಿಗೆ ಕಾಣುತ್ತಿದ್ದವರು ಇಬ್ಬರು ಅಣ್ಣಂದಿರು, ಇಬ್ಬರೂ ಅಳುತ್ತಿದ್ದರು.

"ಬಾಗಲ್ದಾಗ ಯಾಕ ನಿಂತೀರಿ," ಎಂದ. "ಇಬ್ಬರೂ ಒಳಗ ಬರ್ರಿ."

ಮರುದಿನದಿಂದ ಆ ಗೋಡೆಯ ಕಲ್ಲು ಒಂದೊಂದಾಗಿ ಇಳಿದವು. ಅಡಿವೆಪ್ಪ ಮಠಕ್ಕೆ ಬಂದು ಪೂಜ್ಯರ ಪಾದಕ್ಕೆ ಹಣೆ ಹಚ್ಚಿದಾಗ ಅವರು ಏನಾಯಿತೆಂದು ಕೇಳಲಿಲ್ಲ. ಎಲೆ ಹಾಕುವ ಕೆಲಸವನ್ನು ಅವನಿಗೆ ವಹಿಸಿದರು. ಅಜ್ಜನವರು ಲಿಂಗೈಕ್ಯರಾದ ಮೇಲೂ ಅವನು ಒಬ್ಬರಿಗೆ ಎರಡು ಎಲೆ ಹಾಕುವುದನ್ನು ಬಿಡಲಿಲ್ಲ. ಬಂದವರಿಗೆ ಅದು ಕಣ್ಣಿನ ಬೇನೆಯಿಂದ ಬಂದ ವಾಡಿಕೆಯೆಂದು ತಾನೇ ವಿವರಿಸಿ ಹೇಳುತ್ತಿದ್ದ, ಹೇಳುತ್ತಲೇ ಎರಡಕ್ಕೂ ಬಡಿಸುತ್ತಿದ್ದ.

ಈ ಪ್ರಸಂಗ ಕೇಳಿದವರು ಕೊನೆಗೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ಮಠದ ಭಕ್ತರೊಬ್ಬರು ಅದನ್ನೇ ಮುಪ್ಪಿನ ಅಡಿವೆಪ್ಪನಿಗೆ ಕೇಳಿದ್ದರು, ಆ ಬುಗುಡಿ ಕಡೆಗೆ ಏನಾದವೆಂದು. ಅವನು ಎಲೆ ಹಾಕುತ್ತಲೇ ತಲೆ ಎತ್ತಿದ.

"ಅವತ್ತು ತಮ್ಮನ ಮನ್ಯಾಗ ಊಟಕ್ಕ ಕುಂತಿವಿ ನೋಡ್ರಿ," ಎಂದ. "ಅದನ್ನ ಕೇಳೂದು ಮರತ ಹೋತು."