ಹೂಂ ಅನ್ನುವ ಗೊಂಬೆ

"ಗುರುಗಳೇ, ಕೃತಕ ಬುದ್ಧಿಯನ್ನು ಮಾರುವ ದೊಡ್ಡ ದೊಡ್ಡ ಕಂಪನಿಗಳ ಮುಂದೆ ದೆಹಲಿಯೇ ಸುಮ್ಮನಿದ್ದರೆ, ಒಂದು ರಾಜ್ಯ ತಾನೊಂದೇ ಎದ್ದು ಕಡಿವಾಣ ಹಾಕಬಹುದೇ? ಹಾಕಿದರೆ ಆಗುವುದೇನು?" ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ.

ಗುರುಗಳು ಹೇಳಿದರು:

ಒಂದು ಸಣ್ಣ ಸೀಮೆ. ಅಲ್ಲಿ ಯಾರಾದರೂ ಮಾತು ಶುರುಮಾಡಿದರೆ ಎದುರಿಗೆ ಕೂತವರು ನಡುನಡುವೆ ಹೂಂ ಅನ್ನಬೇಕು. ಹೂಂ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಂತಿತು. ಹೂಂ ಅಂದವರು ಕೇಳಿದ್ದನ್ನು ಹೊರಗೆ ಆಡಬಾರದು. ಅದೂ ಅಲ್ಲಿನ ಪದ್ಧತಿ.

ಆ ಸೀಮೆಯಲ್ಲಿ ಹಗ್ಗ ಹೊಸೆಯುವ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಹೂಂ ಅನ್ನುವವರು ಇರಲಿಲ್ಲ. ಮೊದಮೊದಲು ನೆರೆಯವರು ಬಂದರು. ಅವಳು ಗಂಡನ ವಿಷಯವನ್ನೇ ಮತ್ತೆ ಮತ್ತೆ ಹೇಳಿದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಒಬ್ಬೊಬ್ಬರೇ ಎದ್ದರು. ಅಷ್ಟು ಹಾಲು ಕರೆಯುವ ಎಮ್ಮೆಗಳು ಆ ಊರಿನಲ್ಲಿ ಇರಲೇ ಇಲ್ಲ.

ಆಗ ದೂರದಿಂದ ಒಬ್ಬ ದೊಡ್ಡ ವ್ಯಾಪಾರಿ ಬಂದ. ಗಾಡಿ ತುಂಬ ಗೊಂಬೆಗಳು. ಮುಂದೆ ಕೂತು ಮಾತಾಡಿದರೆ ಗೊಂಬೆ ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತಿತ್ತು. ಹುಲಿಯ ಬಾಲ ಹಿಡಿದು ಗಿರಗಿರ ತಿರುಗಿಸಿದೆ ಎಂದು ಬೊಗಳೆ ಬಿಟ್ಟವನಿಗೂ ಹೂಂ ಅಂದಿತು. ದುಡ್ಡು ಬೇಡ, ಇಟ್ಟುಕೊಳ್ಳಿ ಎಂದ ವ್ಯಾಪಾರಿ. ಗೊಂಬೆ ಮನೆಮನೆಗೂ ಹೋಯಿತು. ಹೂಂ ಅನ್ನುತ್ತದಲ್ಲ, ಇನ್ನು ಹೊರಗೆ ಆಡಲಾರದು ಎಂದು ಜನ ನಂಬಿದರು.

ಹೆಂಗಸು ತನ್ನ ಗೊಂಬೆಯನ್ನು ಜಗಲಿಯ ಮೇಲೆ, ಗಂಡ ಕೂರುತ್ತಿದ್ದ ಕಡೆ ಕೂರಿಸಿದಳು. ಹಗ್ಗ ಹೊಸೆಯುತ್ತ ಮಾತಾಡಿದಳು. ಗೊಂಬೆಗೆ ಒಲೆಯ ಮೇಲೆ ಹಾಲಿರಲಿಲ್ಲ.

ಸ್ವಲ್ಪ ದಿನಕ್ಕೆ ವ್ಯಾಪಾರಿಯ ಆಳು ಮನೆಮನೆಯ ಬಾಗಿಲಿಗೆ ಬಂದ. ಮಂಡಿನೋವಿನವನಿಗೆ ಎಣ್ಣೆ ತಂದಿದ್ದ. ಹೆಂಡತಿಗೆ ಹೆದರುವವನಿಗೆ ತಾಯಿತ ತಂದಿದ್ದ, ಅದೂ ಹೆಂಡತಿಯ ಮುಂದೆಯೇ ಕೊಟ್ಟ. ಹೆಂಗಸಿಗೆ ಕೆಂಪಂಚಿನ ಪಂಚೆ ತೋರಿಸಿ, "ನಿಮ್ಮ ಯಜಮಾನರಿಗೆ ಇಂಥದ್ದೇ ಇಷ್ಟವಿತ್ತಂತಲ್ಲ ತಾಯಿ, ಎಡೆಯ ಮುಂದೆ ಇಡಿ" ಎಂದ. ಅವಳು ಕೊಂಡಳು.

ಊರು ರೇಗಿತು. ಸೀಮೆಯ ದೊರೆ ವ್ಯಾಪಾರಿಯನ್ನು ಕರೆಸಿದ. "ಗೊಂಬೆ ಕೇಳಿದ್ದು ಹೊಸ್ತಿಲು ದಾಟಕೂಡದು. ಇದು ಇವತ್ತಿನಿಂದ ನನ್ನ ಸೀಮೆಯ ಕಟ್ಟಳೆ."

"ಹೂಂ ಅಂದದ್ದು ಗೊಂಬೆ ಸ್ವಾಮಿ, ನಾನಲ್ಲ. ಚಕ್ರವರ್ತಿಗಳೇ ಸುಮ್ಮನಿದ್ದಾರೆ. ಸೀಮೆಗೊಂದು ಕಟ್ಟಳೆಯಾದರೆ ನನ್ನಂಥವನು ವ್ಯಾಪಾರ ಮಾಡುವುದು ಹೇಗೆ?"

"ಗೊಂಬೆ ಕೂತಿರುವುದು ನನ್ನ ಜನರ ಜಗಲಿಯ ಮೇಲಪ್ಪ, ಚಕ್ರವರ್ತಿಗಳ ತೊಡೆಯ ಮೇಲಲ್ಲ."

ಕೇಳಿದ್ದನ್ನು ತಂದು ಒಪ್ಪಿಸದ ಗೊಂಬೆ ವ್ಯಾಪಾರಿಗೆ ಬೇಕಿರಲಿಲ್ಲ. ಎಲ್ಲವನ್ನೂ ಗಾಡಿಗೆ ತುಂಬಿಕೊಂಡು ಪಕ್ಕದ ಸೀಮೆಗೆ ಹೊರಟ. ಜನ ದೊರೆಗೆ ಜೈಕಾರ ಹಾಕಿದರು.

ಹೆಂಗಸು ಮಾತ್ರ ದೊರೆಯ ಮುಂದೆ ಬಂದು ನಿಂತಳು. "ನನ್ನ ಗೊಂಬೆ ವಾಪಸ್ ಕೊಡಿಸಿ, ಬುದ್ಧಿ."

"ಅದು ನಿನ್ನ ಮಾತನ್ನು ಕದಿಯುತ್ತಿತ್ತು ತಾಯಿ. ನಿನಗೆ ತಿಳಿಯಲಿಲ್ಲವೇ?"

"ತಿಳೀತು ಬುದ್ಧಿ. ಕದಿಯೋದಕ್ಕಾದರೂ ಪೂರ್ತಿ ಕೇಳಿಸಿಕೊಳ್ತಿತ್ತು."

ದೊರೆ ಕೆಲಸವಿದೆ ಎಂದು ಒಳಗೆ ಹೋದ. ಜೈಕಾರ ಹಾಕಿದವರೂ ಚದುರಿದರು. ಅವಳು ಜಗಲಿಗೆ ಹಿಂದಿರುಗಿ ಹಗ್ಗ ಹಿಡಿದಳು. ಒಂದು ಮಾತು ಶುರುಮಾಡಿದಳು. ಮುಂದಕ್ಕೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ದೊರೆ ಕಟ್ಟಳೆ ಮಾಡಿದ್ದೇ ತಪ್ಪೇ, ಗುರುಗಳೇ?"

"ಕಟ್ಟಳೆ ಸರಿಯಾಗಿಯೇ ಇತ್ತಪ್ಪ, ಗೊಂಬೆ ಎದ್ದ ಜಾಗದಲ್ಲಿ ಹೋಗಿ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ."