ಹೊಗೆಗಿಂಡಿಯ ಕಾವಲುಮನೆ

ಕರಡಿಕಲ್ಲು ಎಸ್ಟೇಟಿನ ಗೇಟಿನಲ್ಲೊಂದು ಕಲ್ಲಿನ ಕಾವಲುಮನೆಯಿದೆ. ನಮ್ಮ ಕಡೆಯ ಮನೆಗಳಂತೆ ಅದಕ್ಕೆ ಜಗಲಿಯಿಲ್ಲ. ಕಡಿದಾದ ಮಾಡು, ಎತ್ತರದ ಹೊಗೆಗೂಡು, ಬರುವವರನ್ನು ದೂರದಿಂದಲೇ ಕಾಣಲೆಂದು ಗೋಡೆಯಿಂದ ಮುಂದಕ್ಕೆ ಚಾಚಿದ ಕಿಟಕಿ. ಬಸ್ಸಿನ ಕಂಡಕ್ಟರ್ ಎಸ್ಟೇಟಿನ ಹೆಸರು ಹೇಳುವುದೇ ಇಲ್ಲ, "ಹೊಗೆಗಿಂಡಿ ಇಳೀರಿ" ಎಂದು ಕೂಗುತ್ತಾನೆ.

ಹಿಂದೆ ಒಮ್ಮೆ, ಸ್ಕಾಟ್ಲೆಂಡಿನಿಂದ ಬಂದ ಮೆಕ್‌ರೇ ದೊರೆ ತನ್ನೂರಿನ ಬಂಗಲೆಯ ಬಾಗಿಲಲ್ಲಿದ್ದಂಥದೇ ಕಾವಲುಮನೆ ಇಲ್ಲೂ ಬೇಕೆಂದು ನಕ್ಷೆ ತರಿಸಿದನಂತೆ. ಹೊಗೆಗೂಡಿನ ಗೋಡೆ ಕಲ್ಲುಕುಟಿಗ ಕಾಳಿಂಗನ ಪಾಲಿಗೆ, ಉಳಿದ ಮೂರು ಅವನ ಗುರು ಈರಾಚಾರಿಯ ಪಾಲಿಗೆ ಬಂದವು. ಯಾರ ಕೈ ಮೇಲೋ ಅವರೇ ಗುಡ್ಡದ ದೊಡ್ಡ ಬಂಗಲೆಗೆ ಮೇಸ್ತ್ರಿ ಎಂದು ದೊರೆ ಸಾರಿದ್ದ. ಈರಾಚಾರಿಗೆ ಸಂಶಯವೇ ಇರಲಿಲ್ಲ. ಕಾಳಿಂಗನಿಗೆ ಉಳಿ ಹಿಡಿಯಲು ಕಲಿಸಿದವನೇ ಅವನು. ಆದರೆ ದೊರೆ ಬಂದಾಗಲೆಲ್ಲ ಶಿಷ್ಯನ ಗೋಡೆಯ ಮುಂದೆಯೇ ನಿಲ್ಲುತ್ತಿದ್ದ. ನಕ್ಷೆಯಲ್ಲಿದ್ದಂತೆ ಕಾಳಿಂಗ ಅಲ್ಲೊಂದು ಕುರುಡು ಕಿಟಕಿ ಕಟ್ಟಿದ್ದ. ಚೌಕಟ್ಟೆಲ್ಲ ಉಂಟು, ಕಿಂಡಿ ಮಾತ್ರ ಇಲ್ಲ. "ಬಹಳ ಚೆಂದ" ಎಂದು ದೊರೆ ಅದನ್ನು ಸವರಿದ ದಿನ ಈರಾಚಾರಿ ಬುತ್ತಿ ಬಿಚ್ಚದೆಯೇ ಮನೆಗೆ ಹೋದ. ಇದು ಯಾಕೆ ಹೀಗೆ ಎಂದು ಶಿಷ್ಯನನ್ನು ಕೇಳಲು ಬಿಗುಮಾನ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಇದ್ದರೂ ಅವನು ಕುಡಿಯುತ್ತಿರಲಿಲ್ಲ.

ಮನೆ ಮುಗಿದು, ಹೊಗೆಗೂಡಿನಡಿಯ ಅಗ್ಗಿಷ್ಟಿಕೆಯಲ್ಲೇ ಹಾಲುಕ್ಕಿಸಲು ಎಲ್ಲರೂ ಸೇರಿದರು. ಒಳಗೆ ಬೆಂಕಿ ಹಚ್ಚುತ್ತಿದ್ದಂತೆ ಹೊರಗೆ ಈರಾಚಾರಿ ಕುರುಡು ಕಿಟಕಿಯ ಮೇಲೆ ಸುತ್ತಿಗೆ ಎತ್ತಿದ.

"ಗಾಳಿ ಬರ್ದೇ ಇರೋದು ಎಂಥಾ ಕಿಟಕಿಯೋ? ಕೆಲಸ ಬರ್ದೆ ಮುಚ್ಚಿಟ್ಟವ್ನೆ!"

"ಬ್ಯಾಡಿ ಗುರುಗಳೇ, ಹಿಂದೆ ಹೊಗೆದಾರಿ ಐತೆ!" ಎಂದು ಕಾಳಿಂಗ ಓಡಿಬರುವಷ್ಟರಲ್ಲಿ ಕಲ್ಲು ಒಡೆದು, ಹೊಗೆಯೆಲ್ಲ ಗುರುವಿನ ಮುಖಕ್ಕೇ ನುಗ್ಗಿತು. ನೆರೆದವರು ಬಿದ್ದು ಬಿದ್ದು ನಕ್ಕರು. ಬಂಗಲೆಯ ನಕ್ಷೆಯನ್ನು ದೊರೆ ಅಲ್ಲೇ ಕಾಳಿಂಗನ ಕೈಗಿತ್ತ.

ಕಾಳಿಂಗ ನಗಲಿಲ್ಲ. ನಕ್ಷೆ ಕೆಳಗಿಟ್ಟು, ಗಾರೆ ಕಲಸಿ ತಂದು, ಗುರುವಿನ ಕಾಲು ಮುಟ್ಟಿದ. "ಅಪ್ಪಣೆ ಕೊಡಿ, ಒಂದು ಗಳಿಗೇಲಿ ಮುಚ್ಚಿಬಿಡ್ತೀನಿ."

ಅವನೂ ನಕ್ಕಿದ್ದರೆ ಈರಾಚಾರಿ ಹಗೆ ಸಾಧಿಸಿಕೊಂಡು ಸುಖವಾಗಿರುತ್ತಿದ್ದನೇನೋ. ಈಗ ಅದಕ್ಕೂ ದಾರಿಯಿಲ್ಲ. "ಬ್ಯಾಡ ಕಣೋ ಮಗಾ. ಇದು ನನ್ನ ಹೊಟ್ಟೇಲಿದ್ದ ಹೊಗೆ. ನೋಡೋರೆಲ್ಲ ನೋಡ್ಲಿ" ಎಂದ.

ಕಿಂಡಿ ಹಾಗೆಯೇ ಉಳಿಯಿತು. ಅದರ ಮೇಲಿನ ಗೋಡೆ ಈಗಲೂ ಮಸಿ ಹಿಡಿದು ಕಪ್ಪಗಿದೆ. ಆ ಸೀಮೆಯ ಗಾರೆಯವರು ಶಿಷ್ಯನ ಕೈಗೆ ಗಾರೆ ಬಳಿಯುವ ಕರಣೆ ಕೊಡುವ ಮುನ್ನ ಅವನನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಆಗ ಆ ಮಸಿಯನ್ನು ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಳ್ಳುವವನು ಶಿಷ್ಯನಲ್ಲ, ಗುರು.