ಪಂಕ್ತಿಯಿಂದ ಎದ್ದ ಟೀಚರಮ್ಮ

ಪೂಜ್ಯ ನಿರ್ವಾಣಮ್ಮ ತಾಯಿಯವರು ಆಗ ಎಣ್ಣೆಗಾಣದ ಹಿಂದಿನ ತಗಡಿನ ಮಠದಲ್ಲಿದ್ದರು. ಒಂದು ಬೆಳಿಗ್ಗೆ ನಾವು ನಾಲ್ವರು ಹೆಂಗಸರು ಅವರ ಜೊತೆ ಅಕ್ಕಿ ಆರಿಸುತ್ತಿದ್ದಾಗ ವಿಶಾಲಾಕ್ಷಿ ಟೀಚರು ಮಂಡಿ ಹಿಡಿದುಕೊಂಡು ಬಂದರು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಸಾಕಾಗಿದೆ ತಾಯಿ, ಮಕ್ಕಳ ದನಿ ಕೇಳಿದರೆ ತಲೆ ಸಿಡಿಯುತ್ತೆ, ಒಂದು ಮಂತ್ರ ಕೊಡಿ, ಕಣ್ಣು ಮುಚ್ಚಿ ಕೂತುಬಿಡ್ತೀನಿ ಎಂದು ಬೇಡಿಕೊಂಡರು.

ತಾಯಿಯವರು ಅಕ್ಕಿಯಿಂದ ಕಣ್ಣೆತ್ತದೆ, "ಕವನ ಲೆಕ್ಕದಲ್ಲಿ ಫೇಲಾಗಿದ್ದಾಳೆ. ಇನ್ನೊಂದು ಸಲ ಫೇಲಾದ್ರೆ ಓದು ಬಿಡಿಸ್ತಾರಂತೆ. ಸಂಜೆ ಒಂದು ಗಂಟೆ ಅವಳ ಜೊತೆ ಕೂತ್ಕೊಳ್ಳಿ" ಎಂದರು.

ನಮ್ಮ ಕೈಗಳು ಮೊರದಲ್ಲೇ ನಿಂತವು. ಕವನ ಯಾರ ಮಗಳು? ಟೈಲರ್ ಹಾಲಮ್ಮನ ಮಗಳು. ಟೀಚರ ಗಂಡ ರುದ್ರೇಶಿ, ಹೆಂಡತಿಯ ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆಂದು ಹೋದವನು, ಸಾಯುವವರೆಗೆ ಉಳಿದದ್ದು ಅದೇ ಹಾಲಮ್ಮನ ಮನೆಯಲ್ಲಿ. ಹುಡುಗಿಯ ಮೂಗಂತೂ ಅವನದೇ.

ಟೀಚರು ಬಾಗಿಲ ಕಡೆ ತಿರುಗಿದರು. ಬೇರೆ ಯಾರ ಮಕ್ಕಳನ್ನಾದರೂ ಕೊಡಿ ಎಂದರು. ತಾಯಿಯವರು ಪ್ರಸಾದ ಮುಗಿಸಿಕೊಂಡು ಹೋಗಲು ಹೇಳಿದರು.

ಆ ಮಠದಲ್ಲಿ ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ; ಒಬ್ಬರು ಎದ್ದರೆ ಎಲ್ಲರೂ ಎಲೆ ಬಿಟ್ಟು ಏಳಬೇಕು. ತಾಯಿಯವರು ಊಟಕ್ಕೆ ಬಂದಿದ್ದ ಕವನಳನ್ನು ಟೀಚರ ಮಗ್ಗುಲಿಗೇ ಕೂರಿಸಿದರು. ಎಲ್ಲರದೂ ಮುಗಿಯಿತು, ಹುಡುಗಿಗೆ ಮಾತ್ರ ಹೆದರಿಕೆಗೆ ತುತ್ತು ಇಳಿಯುತ್ತಿಲ್ಲ. ನಾವೆಲ್ಲ ಅವಳನ್ನೇ ನೋಡುತ್ತಿದ್ದೆವು, ನಾನು ಎಲ್ಲರಿಗಿಂತ ಹೆಚ್ಚು. ಟೀಚರಿಗೆ ಮಂಡಿನೋವೋ ಮನಸ್ಸಿನ ನೋವೋ, ಗೋಡೆ ಹಿಡಿದು ಎದ್ದೇಬಿಟ್ಟರು. ಹುಡುಗಿ ಅನ್ನವಿದ್ದ ಹಾಗೆಯೇ ಎಲೆ ಮಡಚಿದಳು.

"ಟೀಚರಮ್ಮ, ಮಗು ಹಸಿದುಕೊಂಡೇ ಏಳ್ತಿದೆ" ಎಂದರು ತಾಯಿಯವರು.

ಅಷ್ಟೇ ಅಂದದ್ದು. ಟೀಚರು ನರಳುತ್ತಾ ಮತ್ತೆ ಕೂತು, ಆ ಎಲೆಯನ್ನು ತಾವೇ ಬಿಡಿಸಿ, ಸಾರು ಹಾಕಿಸಿದರು.

"ನಿಧಾನಕ್ಕೆ ಉಣ್ಣು. ಯಾವ ಲೆಕ್ಕ ಬರಲ್ಲ ನಿಂಗೆ?"

"ಯಾವ್ದೂ ಬರಲ್ಲ, ಮಿಸ್."

"ಸರಿಹೋಯ್ತು" ಎಂದು ಟೀಚರು ಉಸಿರುಬಿಟ್ಟರು.

ಮಾರನೇ ದಿನದಿಂದ ಮಠದಲ್ಲೇ ಪಾಠ. ಜಗಳವಾದೀತೆಂಬ ಆಸೆಗೆ ನಾನು ದಿನಾ ಕಿಟಕಿಯ ಹೊರಗೆ ಕೂತು ಹೂ ಕಟ್ಟಿದೆ. ಕಿವಿಗೆ ಬಿದ್ದದ್ದು ಒಂದೇ ಮಾತು, ಅದೇ ಸೋತ ದನಿಯಲ್ಲಿ: ಇನ್ನೊಂದು ಸಲ ಮಾಡು. ಮಗಳನ್ನು ಕರೆದೊಯ್ಯಲು ಬರುವ ಹಾಲಮ್ಮ ಬೀದಿಯ ಆಚೆಯೇ ಸೆರಗು ಹೊದ್ದು ನಿಲ್ಲುತ್ತಿದ್ದಳು.

ಮರುಪರೀಕ್ಷೆಯಲ್ಲಿ ಹುಡುಗಿಗೆ ಮೂವತ್ತೊಂಬತ್ತು ಬಂತು, ಪಾಸು. ಆ ಸಂಜೆಯೂ ಹಾಲಮ್ಮ ಅಲ್ಲೇ ನಿಂತಿದ್ದಳು. ಟೀಚರು ಕಾಲೆಳೆಯುತ್ತಾ ಬಾಗಿಲಿಗೆ ಬಂದರು.

"ಸೊಳ್ಳೆ ಕಚ್ಚುತ್ತೆ ಹಾಲಮ್ಮ. ಒಳಗೆ ಬಾ."

ಆ ಇಬ್ಬರ ಕಥೆಯನ್ನು ಹದಿನೆಂಟು ವರ್ಷ ಮನೆಮನೆಗೆ ಹಂಚಿದವಳು ನಾನು. ಅಂದು ಹೂವಿನ ಬುಟ್ಟಿ ಎತ್ತಿಕೊಂಡು ಮನೆಗೆ ಹೋದೆ. ದಾರಿಯಲ್ಲಿ ಮೂವರು ಏನಾಯ್ತೆಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ.